ಹೊಳೆ ಇಳಿಯಿತು, ಮನೆಗೆ ಹೋಗಬೇಕು: ಕೊಡಗಿನ ನೆರೆಪೀಡಿತ ಮನೆಗಳಿಗೆ ಮೊದಲ ದಿನದಿಂದ ಪರಿಹಾರದ ಹಣದವರೆಗೆ

ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದರೆ ಎಲ್ಲರೂ ಮಂಗಳೂರು, ಉಡುಪಿ, ಕಾರವಾರದ ಸುದ್ದಿ ನೋಡುತ್ತಾರೆ. ನೋಡಲೇಬೇಕು, ಅಲ್ಲಿ ಮನೆ ಹೋಗುತ್ತದೆ, ದೋಣಿ ಹೋಗುತ್ತದೆ. ಆದರೆ 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ನಮ್ಮ ಕೊಡಗಿನ ಭಾಗಮಂಡಲದ ಕಡೆಯೂ ಜೋರು ಮಳೆ ಬಿತ್ತು. ನಮಗೆ ಕಡಲಿಲ್ಲ, ಕಡಲಿನ ಮೋಡ ಬಂದು ಬಡಿಯುವ ಬೆಟ್ಟ ಇದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. ಮರುವರ್ಷ ಆಗಸ್ಟ್‌ನಲ್ಲೇ ತೋರದಲ್ಲಿ ಗುಡ್ಡ ಕುಸಿಯಿತು, ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿ ಕಡೆ ಕಾವೇರಿ ಮನೆಗಳೊಳಗೆ ಬಂದಳು. ಕುಶಾಲನಗರದ ಬಡಾವಣೆಗಳಲ್ಲಿ ಎರಡು ವರ್ಷವೂ ನೀರು ನಿಂತಿತು.

ನಮ್ಮದು ಹೊಳೆ ಬದಿಯ ಮನೆ. ಎರಡು ಸಲ ಮುಳುಗಿದೆ. ಮೊದಲ ಸಲ ಮಾಡಿದ ತಪ್ಪುಗಳನ್ನು ಎರಡನೇ ಸಲ ಮಾಡಲಿಲ್ಲ, ಅದರಿಂದ ಎಷ್ಟು ವ್ಯತ್ಯಾಸ ಆಯಿತು ಅಂತ ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಕೆಲಸಕ್ಕಿಂತ ಕೆಲಸದ ಕ್ರಮ ಮುಖ್ಯ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತಪ್ಪಿದರೆ ಜೀವಕ್ಕೂ ನಷ್ಟ, ಹಣಕ್ಕೂ ನಷ್ಟ.

ಮೊದಲ ದಿನ: ಹೊರಗೇ ನಿಂತು ನೋಡಿ

ಪರಿಹಾರ ಕೇಂದ್ರದಲ್ಲಿ ಎರಡು ಮೂರು ರಾತ್ರಿ ಕಳೆದ ಮೇಲೆ ಮನೆ ಹೇಗಿದೆಯೋ ಅಂತ ಜೀವ ಹೊಡೆದುಕೊಳ್ಳುತ್ತದೆ. ಆದರೂ ಬೆಳಕು ಹರಿದ ಮೇಲೇ ಹೋಗಿ, ಒಬ್ಬರೇ ಹೋಗಬೇಡಿ, ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಗಂಬೂಟು ಹಾಕಿ, ಕೈಯಲ್ಲಿ ಉದ್ದದ ಕೋಲು ಇರಲಿ.

ಮನೆಗೆ ಸುತ್ತು ಹಾಕಿ. ಹಸಿ ಇಟ್ಟಿಗೆಯ ಅಥವಾ ಮಣ್ಣಿನ ಗೋಡೆಯಾದರೆ ತುಂಬಾ ಹುಷಾರು. ಇಂಥ ಗೋಡೆ ನೀರು ತುಂಬಿದ್ದಾಗ ನಿಂತಿದ್ದು, ನೀರು ಇಳಿದು ಒಂದೆರಡು ದಿನ ಆದ ಮೇಲೆ ಬೀಳುವುದುಂಟು. ಬುಡ ನೆನೆದು ಮೆತ್ತಗಾಗಿರುತ್ತದೆ, ಮೇಲಿನ ಹೆಂಚಿನ ಭಾರ ಹಾಗೇ ಇರುತ್ತದೆ. ಗೋಡೆಯಲ್ಲಿ ಹೊಸ ಬಿರುಕು, ಬುಡದಲ್ಲಿ ಉಬ್ಬು, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡಿರುವುದು, ಸೂರು ಒಂದು ಕಡೆ ವಾಲಿರುವುದು, ಇದರಲ್ಲಿ ಒಂದು ಕಂಡರೂ ಒಳಗೆ ಹೋಗಬೇಡಿ. ಪಂಚಾಯಿತಿ ಇಂಜಿನಿಯರ್ ಬಂದು ನೋಡಲಿ.

ಮನೆ ಹಿಂದೆ ಬರೆ, ಅಂದರೆ ಗುಡ್ಡ ಕಡಿದ ಕಡಿದಾದ ಬದಿ, ಇದೆಯಾ? ಹಾಗಿದ್ದರೆ ಹೊಳೆಗಿಂತ ಅದರ ಭಯ ಜಾಸ್ತಿ. ನಮ್ಮಲ್ಲಿ ಜಾಗ ಸಮತಟ್ಟು ಮಾಡಲು ಗುಡ್ಡವನ್ನು ನೇರವಾಗಿ ಕಡಿದು ಮನೆ ಕಟ್ಟುವುದು ರೂಢಿ, ಮಳೆ ಕುಡಿದ ಗುಡ್ಡ ಮೊದಲು ಜಾರುವುದು ಇಂಥ ಕಡೆಯೇ. ಬರೆಯ ಮೇಲಿನ ನೆಲದಲ್ಲಿ ಬಿರುಕು, ವಾಲಿದ ಮರ ಅಥವಾ ಕರೆಂಟ್ ಕಂಬ, ಇಲ್ಲದ ಕಡೆ ಹೊಸದಾಗಿ ಉಕ್ಕುವ ಒರತೆ, ತಿಳಿಯಾಗಿ ಹರಿಯುತ್ತಿದ್ದ ತೋಡು ಇದ್ದಕ್ಕಿದ್ದ ಹಾಗೆ ಕೆಂಪಾಗುವುದು ಅಥವಾ ಮಳೆ ಬರುತ್ತಿದ್ದರೂ ಬತ್ತಿಹೋಗುವುದು, ಇವೆಲ್ಲ ಗುಡ್ಡ ಕೊಡುವ ಸೂಚನೆ. ತೋಡು ಬತ್ತಿತು ಅಂದರೆ ಮೇಲೆ ಎಲ್ಲೋ ಮಣ್ಣು, ಮರ ಬಿದ್ದು ನೀರು ಕಟ್ಟಿಕೊಂಡಿರಬಹುದು. ಆಗ ಸಾಮಾನು ತೆಗೆದುಕೊಳ್ಳಲು ಅಂತಲೂ ನಿಲ್ಲಬೇಡಿ. ಹೊರಗೆ ಬಂದು 1077ಕ್ಕೆ, ಜಿಲ್ಲಾ ವಿಪತ್ತು ಕೊಠಡಿಗೆ, ಫೋನ್ ಮಾಡಿ. ಬಂದವರು ನೋಡಿ ಅಪಾಯ ಇಲ್ಲ ಅಂದರೆ ಮಾತ್ರ ಬಿರುಕಿಗೆ ಮಳೆನೀರು ಇಳಿಯದಂತೆ ಟಾರ್ಪಾಲು ಹೊದೆಸಿ, ಮೇಲಿಂದ ಬರುವ ನೀರನ್ನು ಪಕ್ಕಕ್ಕೆ ತಿರುಗಿಸುವ ಸಣ್ಣ ಚರಂಡಿ ತೆಗೆಯಿರಿ. ಬರೆಯ ಬುಡವನ್ನು ಮಾತ್ರ ಅಗೆಯಬೇಡಿ.

ಕರೆಂಟ್ ವಿಷಯಕ್ಕೆ ಬಂದರೆ, ಮೇನ್ ಸ್ವಿಚ್ ಇರುವ ಜಾಗ ಒಣಗಿದ್ದು, ನೀವು ನೀರಿನಲ್ಲಿ ನಿಲ್ಲದೆ ಮುಟ್ಟಬಹುದಾದರೆ ಮಾತ್ರ ಆಫ್ ಮಾಡಿ. ಇಲ್ಲವಾದರೆ 1912ಕ್ಕೆ ಹೇಳಿ. ತಂತಿ ಹರಿದು ಬಿದ್ದಿದ್ದರೆ ಹತ್ತಿರವೂ ಹೋಗಬೇಡಿ. ಗ್ಯಾಸ್ ವಾಸನೆ ಬಂದರೆ ಕಿಟಕಿ ಬಾಗಿಲು ತೆಗೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಫ್ರಿಜ್, ಮಿಕ್ಸಿ, ಮೋಟರ್ ನೀರಲ್ಲಿ ಮುಳುಗಿದ್ದರೆ ಮೇಲೆ ಒಣಗಿದ ಹಾಗೆ ಕಂಡರೂ ಪ್ಲಗ್ ಹಾಕಬೇಡಿ. ಬೈಕ್, ಜೀಪು ಕೂಡ ಅಷ್ಟೇ. ಇಂಜಿನ್ ಒಳಗೆ ನೀರಿರುವಾಗ ಸ್ಟಾರ್ಟ್ ಮಾಡಿದರೆ ಸಣ್ಣ ರಿಪೇರಿಯಲ್ಲಿ ಮುಗಿಯುವುದು ಇಂಜಿನ್ ಬದಲಿಸುವವರೆಗೆ ಹೋಗುತ್ತದೆ. ಎಳೆದುಕೊಂಡೇ ಗ್ಯಾರೇಜಿಗೆ ಒಯ್ಯಿರಿ.

ಹಾವು ಇದ್ದೇ ಇರುತ್ತದೆ. ಅದಕ್ಕೂ ಒಣ ಜಾಗ ಬೇಕಲ್ವಾ. ಅಟ್ಟ, ಹಾಸಿಗೆ ಮಡಿಕೆ, ಸೌದೆ ರಾಶಿ, ಪಾತ್ರೆ ಸಂದು, ಎಲ್ಲ ಕಡೆ ಕೋಲಿನಿಂದ ತಟ್ಟಿ ನೋಡಿ, ಆಮೇಲೆ ಕೈ ಹಾಕಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಕೈಕಾಲು ಅಲ್ಲಾಡಿಸದೆ 108ರಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪೊರಕೆ ಹಿಡಿಯುವ ಮೊದಲು ಫೋನ್ ಹಿಡಿಯಿರಿ

2018ರಲ್ಲಿ ನಾನು ಕಳೆದುಕೊಂಡದ್ದು ಇಲ್ಲೇ. ಕೆಸರು ನೋಡಿ ತಡೆಯಲಾಗಲಿಲ್ಲ, ಬಂದ ದಿನವೇ ಅಕ್ಕಪಕ್ಕದವರೆಲ್ಲ ಸೇರಿ ಮನೆ ತೊಳೆದುಬಿಟ್ಟೆವು. ಹಾಳಾದ ಹಾಸಿಗೆ, ಮಂಚ, ಅಕ್ಕಿ ಮೂಟೆ ಎಲ್ಲ ಹೊಳೆಗೆ ಹಾಕಿದೆವು. ನಾಲ್ಕು ದಿನದ ಮೇಲೆ ಸಮೀಕ್ಷೆಗೆ ಬಂದವರು ನೋಡಿದ್ದು ಶುಚಿಯಾದ ಮನೆ. "ಇಲ್ಲಿ ಏನೂ ಆಗಿಲ್ವಲ್ಲ" ಅಂದರು. ತೋರಿಸಲು ನಮ್ಮ ಹತ್ತಿರ ಒಂದು ಫೋಟೋ ಕೂಡ ಇರಲಿಲ್ಲ.

ಹಾಗಾಗಿ ಏನನ್ನೂ ಮುಟ್ಟುವ ಮೊದಲು ಫೋಟೋ ತೆಗೆಯಿರಿ. ಮನೆ ಪೂರ್ತಿ ಕಾಣುವ ಹಾಗೆ ನಾಲ್ಕು ದಿಕ್ಕಿನಿಂದ ಒಂದೊಂದು. ಬಾಗಿಲ ಮೇಲಿನ ಮನೆ ನಂಬರ್ ಕಾಣುವಂತೆ ಒಂದು. ಪ್ರತಿ ಕೋಣೆಯಲ್ಲಿ ನೀರು ನಿಂತ ಗೆರೆಯ ಪಕ್ಕ ಒಬ್ಬರು ನಿಂತು ಒಂದು, ಆಗ ಎತ್ತರ ತಿಳಿಯುತ್ತದೆ. ಬಿರುಕಿನ ಮೇಲೆ ಸ್ಕೇಲು ಇಟ್ಟು ಒಂದು. ತಾರೀಖು, ಜಾಗ ಫೋಟೋ ಮೇಲೇ ಬರುವ ಕ್ಯಾಮೆರಾ ಆ್ಯಪ್‌ಗಳಿವೆ, ಅದನ್ನೇ ಬಳಸಿ. ಸತ್ತ ಹಸು, ಆಡು, ಕೋಳಿ ಇದ್ದರೆ ಹೂಳುವ ಮೊದಲು ಫೋಟೋ ಬೇಕು, ಪಶು ವೈದ್ಯರಿಗೆ ತಿಳಿಸುವುದೂ ಬೇಕು. ತೆಗೆದದ್ದನ್ನೆಲ್ಲ ಬೇರೆ ಊರಿನ ನೆಂಟರಿಗೆ ಕಳಿಸಿಡಿ, ಫೋನ್ ಕೆಟ್ಟರೂ ಉಳಿಯುತ್ತದೆ. ಮನೆಗೋ ವಾಹನಕ್ಕೋ ವಿಮೆ ಇದ್ದರೆ ಅವರಿಗೂ ಅವತ್ತೇ ತಿಳಿಸಿ, ಅವರ ಸರ್ವೇಯರ್ ಬರುವವರೆಗೆ ದೊಡ್ಡ ರಿಪೇರಿ ಮಾಡಿಸಬೇಡಿ.

ಬಿಸಾಡುವ ಸಾಮಾನನ್ನು ಅಂಗಳದ ಒಂದು ಮೂಲೆಯಲ್ಲಿ ರಾಶಿ ಹಾಕಿ, ಸಮೀಕ್ಷೆ ಆಗುವವರೆಗೆ ಹಾಗೇ ಇರಲಿ. ಕೊಳೆಯುವ ಆಹಾರ ಮಾತ್ರ ಫೋಟೋ ತೆಗೆದು ಹೂತುಬಿಡಿ.

ನೀರು: ಬಾವಿಗೆ ಎಷ್ಟು ಬ್ಲೀಚಿಂಗ್ ಪುಡಿ?

ನೆರೆ ನೀರು ಅಂದರೆ ಹೊಳೆ ನೀರು ಮಾತ್ರ ಅಲ್ಲ. ಕಕ್ಕಸು ಗುಂಡಿ, ಕೊಟ್ಟಿಗೆ, ತೋಟಕ್ಕೆ ಹೊಡೆದ ಔಷಧಿ ಎಲ್ಲ ಅದರಲ್ಲಿದೆ. ಅದು ಬಾವಿಗೆ ಇಳಿದಿದ್ದರೆ ಬಾವಿ ಸರಿಯಾಗುವವರೆಗೆ ಟ್ಯಾಂಕರ್ ನೀರನ್ನೂ ಕುದಿಸಿಯೇ ಕುಡಿಯಿರಿ.

ಸುತ್ತಲಿನ ನೆಲದ ನೀರು ಇಳಿದ ಮೇಲೆ ಬಾವಿಯ ಕೆಸರು ನೀರನ್ನು ಪಂಪ್ ಹಚ್ಚಿ ಹೊರಹಾಕಿ. ಒಂದೇ ಸಲ ಪೂರ್ತಿ ಬತ್ತಿಸಬೇಡಿ. ಹೊರಗಿನ ಮಣ್ಣು ನೆನೆದಿರುವಾಗ ಒಳಗೆ ಖಾಲಿಯಾದರೆ ರಿಂಗು, ಕಲ್ಲುಕಟ್ಟು ಒಳಕ್ಕೆ ಕುಸಿಯುವ ಭಯ ಇದೆ. ನಿಧಾನವಾಗಿ ಎರಡು ಮೂರು ಸಲ ತೆಗೆಯಿರಿ. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಬೇಡಿ, ಅದರ ಹೊಗೆ ಒಳಗೆ ಇಳಿದವರ ಜೀವ ತೆಗೆಯುತ್ತದೆ. ನೀರು ತಿಳಿಯಾದ ಮೇಲೆ ಬ್ಲೀಚಿಂಗ್ ಪುಡಿ.

ಅಳತೆ ಕಷ್ಟದ್ದಲ್ಲ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆಯಿರಿ, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 3.14ರಿಂದ ಗುಣಿಸಿ, 4ರಿಂದ ಭಾಗಿಸಿ. ಬಂದದ್ದು ಎಷ್ಟು ಸಾವಿರ ಲೀಟರ್ ಅನ್ನುವ ಲೆಕ್ಕ. ಒಂದೂವರೆ ಮೀಟರ್ ಅಗಲದ ರಿಂಗ್ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 7,000 ಲೀಟರ್. 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಅಂತ ಇಟ್ಟುಕೊಂಡರೆ ಈ ಬಾವಿಗೆ 18 ಗ್ರಾಂ ಹತ್ತಿರ. ನೆರೆ ನೀರು ಇಳಿದ ಬಾವಿಗೆ ಇದಕ್ಕಿಂತ ಜಾಸ್ತಿ ಬೇಕಾಗುತ್ತದೆ, ಆಶಾ ಕಾರ್ಯಕರ್ತೆಯನ್ನೋ ಆರೋಗ್ಯ ಕೇಂದ್ರದವರನ್ನೋ ಕರೆದು ಕ್ಲೋರಿನ್ ಪರೀಕ್ಷೆ ಮಾಡಿಸಿ ಹಾಕಿ. ಪುಡಿಯನ್ನು ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಸಿದು, ಅದನ್ನು ಬಾವಿಯ ಆಳಕ್ಕೆ ಇಳಿಸಿ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣ ಬಾವಿಗೆ ಬೇಡ. ಒಂದು ಗಂಟೆಯಾದರೂ ಬಿಡಿ, ರಾತ್ರಿ ಹಾಕಿ ಬೆಳಿಗ್ಗೆ ಸೇದಿದರೆ ಇನ್ನೂ ಒಳ್ಳೆಯದು. ಹಳೆಯ, ತೆರೆದಿಟ್ಟ ಪುಡಿಯಲ್ಲಿ ಶಕ್ತಿ ಇರುವುದಿಲ್ಲ.

ಕರಾವಳಿಯಲ್ಲಿ ನೆಂಟರಿರುವವರಿಗೆ ಒಂದು ಮಾತು. ಸಮುದ್ರದ ನೀರು ನುಗ್ಗಿದ ಬಾವಿಯ ಕಥೆ ಬೇರೆ. ಬ್ಲೀಚಿಂಗ್ ಪುಡಿ ರೋಗಾಣು ಕೊಲ್ಲುತ್ತದೆ, ಉಪ್ಪು ತೆಗೆಯುವುದಿಲ್ಲ. ಜೋರಾಗಿ ಪಂಪ್ ಮಾಡಿದರೆ ನೆಲದಡಿಯ ಉಪ್ಪುನೀರು ಇನ್ನೂ ಮೇಲೆ ಬರಬಹುದು. ಅಲ್ಲಿ ಸ್ವಲ್ಪ ಸ್ವಲ್ಪವೇ ತೆಗೆಯುತ್ತಾ ಮಳೆನೀರು ಬಾವಿಗೆ ಇಳಿಯುವ ಹಾಗೆ ಮಾಡಬೇಕು, ಅಲ್ಲಿಯವರೆಗೆ ಕುಡಿಯಲು ಬೇರೆ ನೀರು ಬೇಕು. ಚಂಡಮಾರುತದ ನಂತರ ಕಡಲತೀರಕ್ಕೆ ಸಹಾಯ ಕಳಿಸುವವರು ಅಕ್ಕಿಗಿಂತ ಮೊದಲು ನೀರಿನ ಬಗ್ಗೆ ಕೇಳಿ.

ಕೆಸರು

ಕೆಸರು ಹಸಿ ಇರುವಾಗಲೇ ತೆಗೆಯಬೇಕು, ಒಣಗಿದರೆ ಸಿಮೆಂಟಿನ ಹಾಗೆ. ಮೊದಲು ಗುದ್ದಲಿ, ಬಾಣಲಿ, ಆಮೇಲೆ ನೀರು, ಆಮೇಲೆ ಸೋಪು, ಕೊನೆಗೆ ಬ್ಲೀಚಿಂಗ್. ಕೆಸರಿನ ಮೇಲೇ ಪುಡಿ ಎರಚುವುದು ಸುಮ್ನೆ ದಂಡ, ಮಣ್ಣು ಅದರ ಶಕ್ತಿಯನ್ನೆಲ್ಲ ತಿಂದುಹಾಕುತ್ತದೆ. ನೆಲ ಒರೆಸಲು 10 ಲೀಟರ್ ಬಕೆಟ್‌ಗೆ 150 ಗ್ರಾಂ ಸಾಕು. ಆಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಜೊತೆ ಯಾವತ್ತೂ ಬೆರೆಸಬೇಡಿ, ಬರುವ ಹೊಗೆ ವಿಷ. ಸೆಪ್ಟಿಕ್ ಗುಂಡಿಯನ್ನು ನೆಲ ಒಣಗುವವರೆಗೆ ಖಾಲಿ ಮಾಡಿಸಬೇಡಿ, ಅದೂ ಬಾವಿಯ ಹಾಗೇ ಕುಸಿಯುತ್ತದೆ.

ಕಾಲಿನಲ್ಲಿ ಗಾಯ ಇದ್ದವರು ಕೆಸರಿಗೆ ಇಳಿಯಬೇಡಿ. ಇಲಿಜ್ವರ ಬರುವುದು ಹೀಗೇ, ಇಲಿ ಮೂತ್ರ ಸೇರಿದ ನೀರು ಗಾಯದ ಮೂಲಕ ಒಳಗೆ ಹೋಗಿ. ಕೆಸರಿನಲ್ಲಿ ದಿನಗಟ್ಟಲೆ ಕೆಲಸ ಮಾಡುವವರು ಅದನ್ನು ತಡೆಯುವ ಮಾತ್ರೆ ಬೇಕಾ ಅಂತ ವೈದ್ಯರನ್ನು ಮೊದಲೇ ಕೇಳಿ. ಒಂದೆರಡು ವಾರದಲ್ಲಿ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾದರೆ ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳಲೇಬೇಕು. ಹಾರೆ, ತಗಡು ತಾಗಿದ್ದರೆ ಟಿಟಿ ಇಂಜೆಕ್ಷನ್.

ನೆನೆದ ಕಾಗದ

ಪಹಣಿ, ರೇಷನ್ ಕಾರ್ಡ್, ಮಾರ್ಕ್ಸ್ ಕಾರ್ಡ್, ಪಾಸ್‌ಬುಕ್. ಬಿಸಿಲಿಗೆ ಹಾಕಬೇಡಿ, ಇಸ್ತ್ರಿ ಮಾಡಬೇಡಿ. ಅಂಟಿಕೊಂಡ ಹಾಳೆಗಳನ್ನು ಎಳೆಯಬೇಡಿ. ನಡುವೆ ಬಿಳಿ ಕಾಗದ ಇಟ್ಟು ನೆರಳಲ್ಲಿ, ಫ್ಯಾನ್ ಗಾಳಿಯಲ್ಲಿ ಒಣಗಿಸಿ, ಕಾಗದ ಆಗಾಗ ಬದಲಿಸಿ. ತುಂಬಾ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಯಾರದಾದರೂ ಫ್ರೀಜರ್‌ನಲ್ಲಿಡಿ. ಬೂಷ್ಟು ಹಿಡಿಯುವುದು ನಿಲ್ಲುತ್ತದೆ, ಬಿಡುವಾದಾಗ ಒಂದೊಂದೇ ತೆಗೆದು ಒಣಗಿಸಬಹುದು. ಹಾಳಾದ ನೋಟುಗಳನ್ನು ಬ್ಯಾಂಕಿನಲ್ಲಿ ಬದಲಿಸಿಕೊಡುತ್ತಾರೆ.

ಪೂರ್ತಿ ಹೋದದ್ದಕ್ಕೂ ದಾರಿ ಇದೆ. ಪಹಣಿ ನಾಡಕಚೇರಿಯಲ್ಲಿ ಸಿಗುತ್ತದೆ, ಕ್ರಯಪತ್ರದ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಆಧಾರ್‌ಗೆ 1947. ಕಳೆದ ದಾಖಲೆಗಳ ಪಟ್ಟಿ ಬರೆದು ಪೊಲೀಸ್ ಠಾಣೆಯಲ್ಲಿ ಒಂದು ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಮುಂದೆ ಎಲ್ಲ ಕಡೆ ಅದನ್ನು ಕೇಳುತ್ತಾರೆ.

ಪರಿಹಾರದ ಅರ್ಜಿ

ಇಲ್ಲಿ ಸ್ವಲ್ಪ ನಿಧಾನ ಓದಿ. ಎಷ್ಟೋ ಜನರಿಗೆ ನಷ್ಟ ಆಗಿಯೂ ಹಣ ಬರದೆ ಹೋಗುವುದು ಈ ಹಂತದಲ್ಲೇ.

ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತಾಧಿಕಾರಿ) ತಾವಾಗಿ ಬರುತ್ತಾರೆ ಅಂತ ಕಾಯಬೇಡಿ. ಬಿಳಿ ಹಾಳೆಯಲ್ಲಿ ತಹಶೀಲ್ದಾರರಿಗೆ ಅರ್ಜಿ ಬರೆಯಿರಿ: ಹೆಸರು, ಮನೆ ನಂಬರ್, ಯಾವ ದಿನ ಎಷ್ಟು ಹೊತ್ತಿಗೆ ನೀರು ಬಂತು, ಎಷ್ಟು ದಿನ ನಿಂತಿತು, ಏನೇನು ಹೋಯಿತು. ಫೋಟೋ, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಕಲು ಲಗತ್ತಿಸಿ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. ಮಹಜರಿನ (ಸ್ಥಳ ಪರಿಶೀಲಿಸಿ ಬರೆದುಕೊಳ್ಳುವ) ದಿನ ಮನೆಯಲ್ಲೇ ಇರಿ. ಬರೆದದ್ದನ್ನು ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಮನೆ ಎಷ್ಟು ಹಾಳಾಗಿದೆ ಅಂತ ಹೇಳುವುದು ಇಂಜಿನಿಯರ್. "ಭಾಗಶಃ", "ಪೂರ್ಣ" ಅನ್ನುವ ಒಂದು ಪದದ ಮೇಲೆ ಹಣ ನಿಂತಿದೆ.

ಎಷ್ಟು ನಿಂತಿದೆ ನೋಡಿ. ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಸರ್ಕಾರ 2022ರಲ್ಲಿ ನಿಗದಿ ಮಾಡಿದ ದರದಲ್ಲಿ ಪೂರ್ತಿ ಹಾಳಾದ ಮನೆಗೆ ಬಯಲಿನಲ್ಲಿ 1,20,000 ರೂಪಾಯಿ, ಗುಡ್ಡಗಾಡಿನಲ್ಲಿ 1,30,000. ಭಾಗಶಃ ಹಾಳಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000, ಅದೂ ಶೇಕಡ 15ರಷ್ಟಾದರೂ ಹಾಳಾಗಿದ್ದರೆ. ಬಟ್ಟೆಗೆ ಕುಟುಂಬಕ್ಕೆ 2,500, ಪಾತ್ರೆಗೆ 2,500. ಹಾಲು ಕೊಡುವ ಹಸು, ಎಮ್ಮೆಗೆ 37,500, ಆಡಿಗೆ 4,000. ಜೀವ ಹೋದರೆ 4 ಲಕ್ಷ. ರಾಜ್ಯ ಸರ್ಕಾರ ಇದಕ್ಕೆ ತನ್ನ ಪಾಲು ಸೇರಿಸುವುದುಂಟು. 2019ರಲ್ಲಿ ಪೂರ್ತಿ ಮನೆ ಕಳೆದುಕೊಂಡವರಿಗೆ 5 ಲಕ್ಷ, ತುರ್ತಿಗೆ 10,000 ಕೊಟ್ಟಿತ್ತು. ಆ ವರ್ಷದ ಆದೇಶ ಏನಿದೆ ಅಂತ ತಾಲ್ಲೂಕು ಕಚೇರಿಯಲ್ಲಿ ಕೇಳಿ, ನಕಲು ಸಿಕ್ಕರೆ ಇಟ್ಟುಕೊಳ್ಳಿ. ಇಂಜಿನಿಯರ್ ವರದಿ ಒಪ್ಪಿಗೆ ಇಲ್ಲದಿದ್ದರೆ ಕೂಡಲೇ ಬರವಣಿಗೆಯಲ್ಲಿ ಮರು ಪರಿಶೀಲನೆ ಕೇಳಿ. ಬಾಯಿ ಮಾತಿಗೆ ಬೆಲೆ ಇಲ್ಲ.

ಕೊಡಗಿನಲ್ಲಿ ಮೂರು ಕಡೆ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಜಮ್ಮಾ ಜಾಗ, ಅಂದರೆ ತಲೆಮಾರಿನಿಂದ ಇಡೀ ಕುಟುಂಬಕ್ಕೆ ಸೇರಿದ ಜಮೀನು. ಪಹಣಿಯಲ್ಲಿ ಎಂದೋ ತೀರಿಕೊಂಡ ಪಟ್ಟೇದಾರರ (ಕುಟುಂಬದ ಯಜಮಾನರ) ಹೆಸರು, ಜೊತೆಗೆ ಹತ್ತಾರು ಜನ ಕುಟುಂಬದವರು ಇರುತ್ತಾರೆ, ತೋಟ ಮಾಡುತ್ತಿರುವವರ ಹೆಸರು ಎಲ್ಲೂ ಇರುವುದಿಲ್ಲ. ನೆರೆ ಬಂದ ಮೇಲೆ ಎಲ್ಲರ ಸಹಿ ಹುಡುಕುತ್ತಾ ಓಡಾಡುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೆ ಗೊತ್ತು. ಬೇಸಿಗೆಯಲ್ಲೋ, ಕೈಲ್‌ಪೊಳ್ದ್ ಹಬ್ಬಕ್ಕೋ ಮದುವೆಗೋ ಎಲ್ಲ ಸೇರಿದಾಗಲೋ, ಯಾವ ಭಾಗ ಯಾರು ಮಾಡುತ್ತಿದ್ದಾರೆ ಅಂತ ಬರೆದು ಒಪ್ಪಿಗೆ ಪತ್ರ ಮಾಡಿಸಿ.

ಎರಡನೆಯದು ಹೊಳೆ ದಂಡೆಯಲ್ಲಿ ಹಕ್ಕುಪತ್ರ ಇಲ್ಲದೆ ಇರುವ ಮನೆಗಳು. ಜಾಗದ ಕಾಗದ ಇಲ್ಲ ಅಂತ ಸುಮ್ಮನೆ ಕೂರಬೇಡಿ. ಕರೆಂಟ್ ಬಿಲ್, ರೇಷನ್ ಕಾರ್ಡ್, ಮತದಾರರ ಪಟ್ಟಿ, ಪಂಚಾಯಿತಿ ರಸೀದಿ, ಮಕ್ಕಳ ಶಾಲೆಯ ದಾಖಲೆ, ಆ ವಿಳಾಸದಲ್ಲಿ ವಾಸ ಇದ್ದದ್ದನ್ನು ತೋರಿಸುವ ಯಾವುದಾದರೂ ಸರಿ, ಅರ್ಜಿ ಕೊಡಿ. ಮೂರನೆಯದು ಲೈನ್ ಮನೆ, ತೋಟದ ಕೆಲಸದವರು ಇರುವ ಸಾಲು ಮನೆ. ಮನೆ ತೋಟದ ಮಾಲೀಕರದ್ದು, ಆದರೆ ಒಳಗೆ ಹಾಳಾದ ಬಟ್ಟೆ, ಪಾತ್ರೆ, ಅಕ್ಕಿ ಕೆಲಸದವರದ್ದು. ಆ ಬಾಬ್ತು ಅವರ ಹೆಸರಿನಲ್ಲೇ ಬರೆಯಿಸಬೇಕು. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ, ದಯವಿಟ್ಟು ನೀವೇ ಜೊತೆಗೆ ಹೋಗಿ ಬರೆಯಿಸಿ. ಅಸ್ಸಾಂ, ಬಂಗಾಳದಿಂದ ಬಂದವರಿಗೆ ಯಾವ ಕಚೇರಿ, ಯಾವ ಭಾಷೆ ಅಂತಲೂ ತಿಳಿಯುವುದಿಲ್ಲ.

ಹಣ ಬರುವುದು ಬ್ಯಾಂಕ್ ಖಾತೆಗೆ. ಆಧಾರ್ ಜೋಡಣೆ ಆಗಿಲ್ಲದಿದ್ದರೆ, ಆಧಾರ್‌ನಲ್ಲಿ ಒಂದು ಹೆಸರು ಪಾಸ್‌ಬುಕ್‌ನಲ್ಲಿ ಇನ್ನೊಂದು ಇದ್ದರೆ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಮೇ ತಿಂಗಳಲ್ಲೇ ಸರಿಮಾಡಿಸಿಕೊಳ್ಳಿ.

ತೋಟ, ಗದ್ದೆ

ಬೆಳೆಗೆ ಪರಿಹಾರ ಶೇಕಡ 33 ಅಥವಾ ಅದಕ್ಕಿಂತ ಜಾಸ್ತಿ ನಷ್ಟ ಆಗಿದ್ದರೆ ಮಾತ್ರ, ಎರಡು ಹೆಕ್ಟೇರ್ ಮಿತಿಯಲ್ಲಿ. ಅದೇ ದರಪಟ್ಟಿಯಲ್ಲಿ ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 22,500. ಎಕರೆಗೆ 9,000 ಚಿಲ್ಲರೆ ಆಯಿತು. ಮೆಣಸಿನ ಬಳ್ಳಿ ಮತ್ತೆ ಫಸಲಿಗೆ ಬರಲು ವರ್ಷಗಳು ಬೇಕು, ಈ ದರ ಏರಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಗದ್ದೆಯಲ್ಲಿ ಮೂರು ಇಂಚಿಗಿಂತ ಜಾಸ್ತಿ ಹೂಳು ಕೂತಿದ್ದರೆ ತೆಗೆಯಲು ಹೆಕ್ಟೇರಿಗೆ 18,000 ಇದೆ, ಇದನ್ನು ಕೇಳುವವರೇ ಕಡಿಮೆ. ಹೂಳಿನಲ್ಲಿ ಸ್ಕೇಲು ನೆಟ್ಟು ಫೋಟೋ ತೆಗೆದಿಡಿ.

ಗಿಡ ಉಳಿಸುವ ಕೆಲಸ ಹಣಕ್ಕಾಗಿ ಕಾಯುವುದಿಲ್ಲ. ಮೊದಲು ಚರಂಡಿ ಬಿಡಿಸಿ, ಬುಡದಲ್ಲಿ ನಿಂತ ನೀರು ಹೋಗಲಿ. ಮೆಣಸಿನ ಬಳ್ಳಿಗೆ ನೀರು ನಿಂತರೆ ಸೊರಗು ರೋಗ ಬೇಗನೆ ಬಳ್ಳಿ ಪೂರ್ತಿ ಒಯ್ಯುತ್ತದೆ. ಮಳೆ ಬಿಡುವು ಕೊಟ್ಟ ತಕ್ಷಣ ಶೇಕಡ 1ರ ಬೋರ್ಡೋ ದ್ರಾವಣ ಹೊಡೆಯಿರಿ, ಅಂದರೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಸತ್ತ ಬಳ್ಳಿಯನ್ನು ಬೇರು ಸಮೇತ ಕಿತ್ತು ಸುಡಿ. ಕಾಫಿಯಲ್ಲಿ ಕೊಳೆರೋಗದ ಎಲೆ, ಕಾಯಿ ಆಯ್ದು ಹೂತುಹಾಕಿ, ಗಿಡದ ಮೇಲೆ ಕೂತ ಕಸ ತೆಗೆದು ಗಾಳಿ ಆಡಲು ಬಿಡಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಕೇಂದ್ರ, ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರ, ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ಇರುವುದೇ ನಮಗಾಗಿ, ಹೋಗಿ ಕೇಳಿ.

ಸಹಾಯ ಕಳಿಸುವವರಿಗೆ

2018ರಲ್ಲಿ ನಾಡಿನ ಮೂಲೆಮೂಲೆಯಿಂದ ಲಾರಿಗಟ್ಟಲೆ ಸಾಮಾನು ಬಂತು. ಆ ಪ್ರೀತಿಯನ್ನು ಮರೆಯಲು ಆಗುವುದಿಲ್ಲ. ಹಳೆ ಬಟ್ಟೆ ಮಾತ್ರ ಬೆಟ್ಟದ ಹಾಗೆ ಬಿದ್ದಿತ್ತು, ಹಾಕಿಕೊಳ್ಳಲು ಹೊಸ ಒಳಉಡುಪು ಸಿಗುತ್ತಿರಲಿಲ್ಲ. ಮೊದಲ ವಾರ ಬೇಕಾದದ್ದು ಒಳಉಡುಪು, ಸ್ಯಾನಿಟರಿ ಪ್ಯಾಡ್, ಕಂಬಳಿ, ಟಾರ್ಚ್, ಬಿಪಿ ಶುಗರ್ ಮಾತ್ರೆ. ಎರಡನೇ ವಾರ ಗಂಬೂಟು, ಗುದ್ದಲಿ, ಪೊರಕೆ, ಬ್ಲೀಚಿಂಗ್ ಪುಡಿ, ಟಾರ್ಪಾಲು, ಪಂಪಿಗೆ ಡೀಸೆಲ್. ತಿಂಗಳಾದ ಮೇಲೆ ಎಲ್ಲರೂ ಮರೆತಿರುತ್ತಾರೆ, ಆಗ ಬೇಕಾಗುವುದು ಮಕ್ಕಳ ಪುಸ್ತಕ, ಬಾಡಿಗೆ ಮನೆಯ ಅಡ್ವಾನ್ಸ್, ಹೊಲಿಗೆ ಯಂತ್ರ, ಒಂದು ಹಸು. ಕಳಿಸುವ ಮೊದಲು ಊರಿನ ಒಬ್ಬರಿಗೆ ಫೋನ್ ಮಾಡಿ ಕೇಳಿ, ಅಷ್ಟೇ. ಪರಿಹಾರ ಕೇಂದ್ರದಲ್ಲಿ ಮಾತಾಡದೆ ಮೂಲೆಯಲ್ಲಿ ಕೂತಿರುವ ಅಜ್ಜಿಯ ಪಕ್ಕ ಒಂದು ಗಂಟೆ ಕೂತು ಅವರ ಮನೆ, ಗದ್ದೆ, ಹಸುವಿನ ಕಥೆ ಕೇಳುವುದೂ ಸಹಾಯವೇ.

ಗೆರೆ

ಮನೆ ಒಣಗಿ ಸುಣ್ಣ ಹೊಡೆಸುವ ದಿನ ಒಂದು ಕೆಲಸ ಮಾಡಿ. ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿ ಪೇಂಟಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ನಮ್ಮ ಮನೆಯಲ್ಲಿ 2018ರ ಗೆರೆ ಮೊಣಕಾಲಿಗೆ, 2019ರದ್ದು ಕಿಟಕಿಯ ಮೇಲೆ. ಸ್ವಿಚ್ ಬೋರ್ಡು, ಕಾಗದದ ಪೆಟ್ಟಿಗೆ, ಅಕ್ಕಿ ಡಬ್ಬ ಎಲ್ಲ ಈಗ ಆ ಮೇಲಿನ ಗೆರೆಗಿಂತ ಒಂದಡಿ ಎತ್ತರದಲ್ಲಿವೆ. ಜೂನ್ ಬಂದರೆ ಹೊಳೆಯ ಮೇಲ್ಭಾಗದ ನಾಪೋಕ್ಲು, ಮೂರ್ನಾಡಿನ ಕಡೆಯ ನೆಂಟರ ನಂಬರ್ ಬಾಗಿಲ ಹಿಂದೆ ಅಂಟಿಸಿಡುತ್ತೇವೆ. ಭಾಗಮಂಡಲದಲ್ಲಿ ಸಂಗಮ ಮುಳುಗಿ, ನಾಪೋಕ್ಲು ರಸ್ತೆಗೆ ನೀರು ಬಂತು ಅಂತ ಅವರು ಹೇಳಿದರೆ ನಾವು ಹಸು ಬಿಚ್ಚಿ, ಅತ್ತೆಯನ್ನು ಮೇಲಿನ ಶಾಲೆಗೆ ಬಿಟ್ಟು, ಪೆಟ್ಟಿಗೆ ಹೊರುತ್ತೇವೆ. ಕತ್ತಲಾಗುವವರೆಗೆ ಕಾಯುವುದಿಲ್ಲ.